ಹಿತ್ತಲ ಬಿಸಿಲು: ಒಂದು ಅಂಗನವಾಡಿಯ ಚಳಿಗಾಲ

ನಾನು ಇಂಡಿ ತಾಲೂಕಿನ ಒಂದು ಸಣ್ಣ ಊರಿನಲ್ಲಿ ಅಂಗನವಾಡಿ ಟೀಚರ್. ಊರಿನ ಹೆಸರು ಬೇಡ, ಮಕ್ಕಳ ಹೆಸರೂ ಬೇಡ. ಚಳಿಗಾಲದ ಮಾತು ಅಲ್ವಾ, ಮಕ್ಕಳನ್ನು ಸ್ವೆಟರ್ ಬಣ್ಣದಿಂದಲೇ ಕರೆಯುತ್ತೇನೆ. ಇದು 2024ರ ನವೆಂಬರ್ ಕೊನೆಯಿಂದ 2025ರ ಫೆಬ್ರುವರಿವರೆಗೆ ನಮ್ಮಲ್ಲಿ ನಡೆದದ್ದು. ಥಂಡಿಯಲ್ಲಿ ಮಕ್ಕಳನ್ನು ಹೊರಗೆ ಬಿಡಬೇಕೋ ಬೇಡವೋ ಅಂತ ಶುರುವಾದ ಜಗಳ, ಕಟ್ಟಡದ ಯಾವ ಮಗ್ಗುಲಿಗೆ ಕೂರಬೇಕು ಅನ್ನೋ ಪ್ರಶ್ನೆಗೆ ಬಂದು ನಿಂತಿತು. ನಡುವೆ ನಾನು ಎರಡು ತಪ್ಪು ಮಾಡಿದೆ. ಅವನ್ನೂ ಮುಚ್ಚಿಡದೆ ಬರೆಯುತ್ತೇನೆ.

ಕೋಣೆ ಮತ್ತು ಫರಸಿ

ಮೊದಲು ಕೋಣೆ ಹೇಗಿದೆ ಅಂತ ಹೇಳಿಬಿಡುತ್ತೇನೆ. ಒಂದೇ ಆರ್‌ಸಿಸಿ ಕೋಣೆ, ಮಗ್ಗುಲಲ್ಲಿ ಸಣ್ಣ ಅಡುಗೆ ಮನೆ. ಬಾಗಿಲು ಉತ್ತರಕ್ಕೆ, ರಸ್ತೆ ಕಡೆ. ಎರಡು ಕಿಟಕಿ, ಅವೂ ಉತ್ತರಕ್ಕೇ. ದಕ್ಷಿಣಕ್ಕೆ ಬರೀ ಗೋಡೆ. ಆ ಗೋಡೆಯ ಹಿಂದೆ ಜಾಲಿ ಬೆಳೆದ ಖಾಲಿ ಜಾಗ, ಅಲ್ಲಿಗೆ ಯಾರೂ ಕಾಲಿಡುತ್ತಿರಲಿಲ್ಲ. ನೆಲಕ್ಕೆ ಫರಸಿ ಹಾಸಿದ್ದಾರೆ. ಏಪ್ರಿಲ್‌ನಲ್ಲಿ ಮಕ್ಕಳು ಆ ಫರಸಿಗೆ ಹೊಟ್ಟೆ ಹಚ್ಚಿ ಮಲಗುತ್ತಾರೆ, ಅಷ್ಟು ತಂಪು. ಡಿಸೆಂಬರ್‌ನಲ್ಲಿ ಅದೇ ತಂಪು ಜಮಖಾನೆ ದಾಟಿ ಮೇಲೆ ಬರುತ್ತದೆ. ಹತ್ತು ನಿಮಿಷ ಕೂತರೆ ನನಗೇ ಮೊಣಕಾಲು ಹಿಡಿಯುತ್ತಿತ್ತು, ಮೂರು ವರ್ಷದ ಕೂಸಿಗೆ ಹೇಗಾಗಿರಬೇಡ.

ನಮ್ಮ ಕಡೆಯ ಚಳಿ ಗೊತ್ತಿಲ್ಲದವರಿಗೆ ಒಂದು ಮಾತು. ವಿಜಯಪುರ ಜಿಲ್ಲೆ ಅಂದರೆ ಜನಕ್ಕೆ ಬರೀ ಬಿಸಿಲು ನೆನಪಾಗುತ್ತದೆ. ಆದರೆ ಡಿಸೆಂಬರ್, ಜನವರಿಯ ನಸುಕಿನಲ್ಲಿ ಇಲ್ಲಿ 10, 12 ಡಿಗ್ರಿಗೆ ಇಳಿಯುವುದು ಹೊಸದೇನಲ್ಲ. ಅದೇ ದಿನ ಮಧ್ಯಾಹ್ನ 28, 29 ಆಗಿರುತ್ತದೆ. ಬಯಲು ಸೀಮೆ, ಒಣ ಹವಾ, ರಾತ್ರಿ ಮೋಡ ಇರುವುದಿಲ್ಲ, ಹಗಲು ಕಾದ ನೆಲದ ಕಾವೆಲ್ಲ ರಾತ್ರಿ ಆಕಾಶಕ್ಕೆ ಹೋಗಿಬಿಡುತ್ತದೆ. ಹೀಗಾಗಿ ಬೆಳಗ್ಗೆ ತಲೆಗೆ ಕುಂಚಿಗಿ, ಮೈಗೆ ಎರಡೆರಡು ಸ್ವೆಟರ್ ಹಾಕಿಕೊಂಡು ಬರುವ ಮಕ್ಕಳು ಮಧ್ಯಾಹ್ನ ಬೆವರುತ್ತಾ ಮನೆಗೆ ಹೋಗುತ್ತಾರೆ.

ದಾಖಲಾತಿ 22 ಮಕ್ಕಳು, ಮೂರರಿಂದ ಆರು ವರ್ಷದವರು. ಮಾಮೂಲಿ ದಿನಗಳಲ್ಲಿ 17, 18 ಮಕ್ಕಳು ಬರುತ್ತಾರೆ. ಡಿಸೆಂಬರ್ ಮೊದಲ ವಾರ ಅದು 11ಕ್ಕೆ ಇಳಿಯಿತು. ಬಂದವರು ಏನು ಮಾಡುತ್ತಿದ್ದರು? ಬಾಗಿಲು ಮುಂದೆ ಮಾಡಿ, ಕಿಟಕಿ ಹಾಕಿ, ಒಬ್ಬರಿಗೊಬ್ಬರು ಅಂಟಿಕೊಂಡು ಕೂರುತ್ತಿದ್ದರು. ಒಬ್ಬ ಕೆಮ್ಮಿದರೆ ಎಲ್ಲರ ಮುಖದ ಮೇಲೆ. ಹಾಡು ಹೇಳಿಸಿದರೆ ಬಾಯಿ ಮಾತ್ರ ಆಡುತ್ತಿತ್ತು, ಕೈ ಸ್ವೆಟರ್ ಒಳಗೆ. ನಮ್ಮ ದಿನಚರಿಯಲ್ಲಿ ಹೊರಾಂಗಣ ಆಟ ಅಂತ ಒಂದು ಸಾಲು ಇದ್ದೇ ಇದೆ. ಚಳಿಗಾಲದಲ್ಲಿ ಆ ಸಾಲನ್ನು ನಾನು ಸುಮ್ನೆ ದಾಟಿ ಹೋಗುತ್ತಿದ್ದೆ. 14 ವರ್ಷದ ಕೆಲಸದಲ್ಲಿ ಅದನ್ನು ಯಾರೂ ಕೇಳಿಯೂ ಇರಲಿಲ್ಲ.

ಮೊದಲ ತಪ್ಪು

ಆ ಹೊತ್ತಿಗೆ ಎಲ್ಲೋ ಓದಿದ್ದೆ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ 180 ನಿಮಿಷವಾದರೂ ಓಡಾಡಿಕೊಂಡು ಇರಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವಷ್ಟು ಜೋರಾಗಿ ಆಡಬೇಕು. ನಮ್ಮ ಕೋಣೆಯ ಲೆಕ್ಕ ಹಾಕಿದೆ. ಕೈ ತೊಳೆಯಲು ಎದ್ದು ಹೋಗುವುದು, ಊಟಕ್ಕೆ ಸಾಲು ನಿಲ್ಲುವುದು ಎಲ್ಲ ಸೇರಿಸಿದರೂ 40 ನಿಮಿಷ ದಾಟಲಿಲ್ಲ. ಸರಿ, ನಾಳೆಯಿಂದ ಹೊರಗೆ ಅಂತ ತೀರ್ಮಾನ ಮಾಡಿದೆ.

ಮರುದಿನ ಒಂಬತ್ತೂವರೆಗೆ ಬಾಗಿಲು ತೆಗೆದವಳೇ ಮಕ್ಕಳನ್ನು ಮುಂದಿನ ಅಂಗಳಕ್ಕೆ ಬಿಟ್ಟೆ. ಓಡಿ, ಮುಟ್ಟಾಟ ಆಡಿ ಅಂದೆ. ಆಡಿದರು, ಖುಷಿಯಿಂದಲೇ ಆಡಿದರು. ಹಾಕಿಕೊಂಡ ಕುಂಚಿಗಿ, ಸ್ವೆಟರ್ ಏನೂ ಬಿಚ್ಚಿಸಲಿಲ್ಲ, ಥಂಡಿ ಅಲ್ವಾ ಅಂತ. ಅರ್ಧ ತಾಸು ಆದ ಮೇಲೆ ಅಲ್ಲೇ ಸಾಲಾಗಿ ಕೂರಿಸಿ ಕಥೆ ಹೇಳಿದೆ. ಉತ್ತರದ ಅಂಗಳ ಅಂದರೆ ಕಟ್ಟಡದ ನೆರಳು. ಮೇಲೆ ಮೂಡಗಾಳಿ. ಮಕ್ಕಳ ಬನಿಯನ್ ಬೆವರಿಗೆ ಒದ್ದೆಯಾಗಿತ್ತು ಅನ್ನುವುದು ನನ್ನ ತಲೆಗೇ ಬರಲಿಲ್ಲ.

ಮೂರನೇ ದಿನ ರಾತ್ರಿ ಕೆಂಪು ಸ್ವೆಟರ್ ಹುಡುಗನಿಗೆ ಜ್ವರ ಬಂತು. ಅದರ ಮರುದಿನ ಇನ್ನೂ ಮೂವರಿಗೆ ನೆಗಡಿ. ಊರು ಸಣ್ಣದು, ಮಾತು ಹರಡಲು ಎಷ್ಟೊತ್ತು. ಒಬ್ಬ ತಾಯಿ ಬಾಗಿಲಲ್ಲೇ ನಿಂತು ಕೇಳಿದಳು, "ಏನ್ರೀ ಟೀಚರ, ಇಷ್ಟ್ ಥಂಡ್ಯಾಗ ಕೂಸುಗೋಳ್ನ ಹೊರಗ ಬಿಡ್ತೀರಲ್ಲ, ನಿಮ್ಮ ಮಕ್ಕಳನ್ನ ಹಿಂಗ ಬಿಡ್ತಿದ್ರೇನು?" ಆ ವಾರ ಹಾಜರಿ ಎಂಟಕ್ಕೆ ಬಂತು.

ನನ್ನ ಹತ್ತಿರ ಉತ್ತರ ಇತ್ತು. ನೆಗಡಿ ಬರುವುದು ವೈರಸ್ಸಿನಿಂದ. ಒಳಗೆ ಹೊಕ್ಕ ಮೇಲೆ ಒಂದು ದಿನವೋ ಎರಡು ಮೂರು ದಿನವೋ ಬಿಟ್ಟು ಮೂಗು ಸೋರಲು ಶುರುವಾಗುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬರ ಉಸಿರು ಇನ್ನೊಬ್ಬರಿಗೆ ಹೋಗುವಷ್ಟು ಬಯಲಲ್ಲಿ ಹೋಗುವುದಿಲ್ಲ. ಅಂದರೆ ಮಕ್ಕಳಿಗೆ ನೆಗಡಿ ಅಂಟಿದ್ದು ಬಹುಶಃ ಒಳಗೆ ಅಂಟಿಕೊಂಡು ಕೂತಾಗಲೇ. ಇದನ್ನೆಲ್ಲ ಹೇಳಿ ವಾದ ಗೆಲ್ಲಬಹುದಿತ್ತು. ಗೆದ್ದಿದ್ದರೆ ಎಂಟು ಹೋಗಿ ಐದಾಗುತ್ತಿತ್ತು.

ಕೆಂಪು ಸ್ವೆಟರ್ ಹುಡುಗನ ಮನೆಗೆ ನಾನೇ ಹೋದೆ. ಅವನ ಆಯಿ, ಅಂದರೆ ಅಜ್ಜಿ, ಪಡಸಾಲೆಯಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಯವ್ವಾ, ಹುಡುಗರು ಆಡಬಾರ್ದು ಅಂತ ನಾ ಅನ್ನಾಂಗಿಲ್ಲ. ಬೆವತ ಮೈಗೆ ಮೂಡಗಾಳಿ ಬಡಿಸಿದಿ ನೋಡು, ಅದು ತಪ್ಪು. ನೆಳ್ಳಾಗ ಯಾರರ ಕೂಡ್ತಾರೇನು ಈ ದಿನದಾಗ?" ಅಂದಳು. ಆಮೇಲೆ ಕೈಯಲ್ಲಿದ್ದ ಮೊರದ ತುದಿಯಿಂದ ಹೊರಗೆ ತೋರಿಸಿದಳು. ಎದುರಿಗೆ ಹಣಮಪ್ಪನ ಗುಡಿ ಕಟ್ಟೆ. ಅಲ್ಲಿ ಐದಾರು ಮುದುಕರು ದಕ್ಷಿಣದ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದರು.

ಆ ಗೋಡೆಯನ್ನು ನಾನು ದಿನಾ ನೋಡುತ್ತಿದ್ದೆ, ಆ ಮುದುಕರನ್ನೂ. ಹೊತ್ತು ಏರಿದಂತೆ ಅವರು ಬಿಸಿಲಿನ ಜೊತೆ ಸರಿಯುತ್ತಾ ಹೋಗುತ್ತಾರೆ, ಹನ್ನೊಂದಕ್ಕೆ ಒಂದು ಕಂಬ, ಹನ್ನೆರಡಕ್ಕೆ ಇನ್ನೊಂದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ದಕ್ಷಿಣದ ಗೋಡೆಗೆ ದಿನವಿಡೀ ಬಿಸಿಲು ಬೀಳುತ್ತದೆ, ಕಲ್ಲು ಕಾದು ಬೆನ್ನಿಗೆ ಕಾವು ಕೊಡುತ್ತದೆ. ಉತ್ತರದ ಗೋಡೆಗೆ ಇಡೀ ತಿಂಗಳು ಬಿಸಿಲೇ ಇಲ್ಲ. ನಾವು ಕೂತಿದ್ದು ಅಲ್ಲಿ.

ಹಿತ್ತಲು

ವಿಜಯಪುರ ಪೇಟೆಗೆ ಹೋದಾಗ ಗೋಡೆಗೆ ಹಾಕುವ ಒಂದು ಅಗ್ಗದ ಥರ್ಮಾಮೀಟರ್ ತಂದೆ. ಮೊದಲ ದಿನ ಅದನ್ನು ಬಿಸಿಲಿಗೇ ಇಟ್ಟು 34 ಡಿಗ್ರಿ ನೋಡಿ ಹಿಗ್ಗಿದೆ. ಅದು ಹವೆಯ ಬಿಸಿ ಅಲ್ಲ, ಥರ್ಮಾಮೀಟರ್ ಕಾದದ್ದು ಅಂತ ನನ್ನ ಮಗಳು ಹೇಳಿಕೊಟ್ಟಳು, ಪಿಯುಸಿ ಓದುತ್ತಾಳೆ. ಆಮೇಲೆ ನೆರಳಲ್ಲಿ ಇಟ್ಟು ನೋಡಿದೆ. ಒಂಬತ್ತೂ ಮುಕ್ಕಾಲಿಗೆ ಕೋಣೆಯ ಒಳಗೆ 18, ಹೊರಗೆ ನೆರಳಲ್ಲೂ 18. ಹತ್ತೂವರೆಗೆ ಹೊರಗೆ 22, ಒಳಗೆ ಇನ್ನೂ 18. ಹನ್ನೆರಡಕ್ಕೆ ಹೊರಗೆ 26, ಒಳಗೆ 20 ಆಗಲು ಒದ್ದಾಡುತ್ತಿತ್ತು. ನಾವು ಥಂಡಿಗೆ ಹೆದರಿ ಬಾಗಿಲು ಹಾಕಿಕೊಂಡು ಥಂಡಿಯನ್ನೇ ಒಳಗೆ ಕೂಡಿಹಾಕಿಕೊಂಡಿದ್ದೆವು. ಈ ಅಂಕಿಗಳನ್ನು ಒಂದು ವಾರ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ. ಮಕ್ಕಳನ್ನು ಬಿಡಲು ಬಂದವರು ಓದಿದರು. ಯಾರೂ ಏನೂ ಅನ್ನಲಿಲ್ಲ, ಆದರೆ ಓದಿದರು.

ಹಿತ್ತಲು ಹಸನು ಮಾಡಲು ಎರಡು ದಿನ ಬೇಕಾಯಿತು. ನಮ್ಮ ಸಹಾಯಕಿ, ಇಬ್ಬರು ಮಕ್ಕಳ ಅಪ್ಪಂದಿರು, ನಾನು. ಜಾಲಿ ಕಡಿದೆವು. ಒಡೆದ ಬಾಟಲಿ ಚೂರು ಎರಡು ಬುಟ್ಟಿ ಸಿಕ್ಕಿತು. ಕಲ್ಲು ಎತ್ತುವಾಗ ಕೈ ಹಾಕಬೇಡಿ, ಸಲಾಕೆಯಿಂದ ಮಗುಚಿ ಅಂತ ಒಬ್ಬರು ಹೇಳಿದ್ದು ಒಳ್ಳೆಯದಾಯಿತು, ಮೂರನೇ ಕಲ್ಲಿನ ಕೆಳಗೆ ಚೇಳು ಮುದುಡಿಕೊಂಡಿತ್ತು. ಎಲ್ಲಕ್ಕಿಂತ ಕಾಡಿದ್ದು ನೆಗ್ಗಿಲು ಮುಳ್ಳು. ಸಣ್ಣದು, ಮಣ್ಣಿನ ಬಣ್ಣದ್ದು, ಕಣ್ಣಿಗೆ ಕಾಣುವುದಿಲ್ಲ. ಕಸಬರಿಗೆಗೆ ಬರುವುದೂ ಇಲ್ಲ. ಹಳೆ ಕಂಬಳಿಯನ್ನು ಒದ್ದೆ ಮಾಡಿ ನೆಲದ ಮೇಲೆ ಎಳೆದರೆ ಮುಳ್ಳೆಲ್ಲ ಅದಕ್ಕೆ ಕಚ್ಚಿಕೊಂಡು ಬರುತ್ತದೆ, ಇದು ಸಹಾಯಕಿಯ ಉಪಾಯ. ಮೂರು ಸಲ ಎಳೆದೆವು.

ಹಾಸಲು ಕೌದಿ ತಂದು ಕೊಟ್ಟವಳು ಕೆಂಪು ಸ್ವೆಟರ್ ಹುಡುಗನ ಆಯಿಯೇ. ಹಳೆ ಸೀರೆ, ಧೋತರದ ಚೂರು ಸೇರಿಸಿ ಹೊಲಿದ ದಪ್ಪ ಕೌದಿ. ಅದರ ಜೊತೆ ಅವಳೂ ಬಂದು ಕೂತಳು. ಕೇಳಿದರೆ "ಮನ್ಯಾಗ ಕುಂತ್ರೂ ಬಿಸಿಲ ಕಾಯ್ಸೂದ, ಇಲ್ಲಿ ಕುಂತ್ರೂ ಅದ" ಅಂದಳು. ನಿಜ ಹೇಳಬೇಕೆಂದರೆ ಹಾಜರಿ ಮರಳಿ ಏರಿದ್ದು ನನ್ನ ಥರ್ಮಾಮೀಟರ್‌ನಿಂದ ಅಲ್ಲ. ಆಯಿ ಅಲ್ಲಿ ಕೂತಿದ್ದಾಳೆ ಅನ್ನುವ ಸುದ್ದಿಯಿಂದ.

ದಿನದ ಕ್ರಮ ನಿಧಾನವಾಗಿ ಹೀಗೆ ಕೂಡಿಬಂತು. ಹತ್ತಕ್ಕೆ ಮುಂಚೆ ಹೊರಗಿಲ್ಲ, ಒಳಗೇ ಕುಣಿತದ ಹಾಡು, ಫರಸಿ ಮೇಲೆ ಯಾರೂ ಕೂರುವಂತಿಲ್ಲ. ಹತ್ತಕ್ಕೆ ಹಿತ್ತಲು. ಮೊದಲು ಮೇಲಿನ ಸ್ವೆಟರ್, ಕುಂಚಿಗಿ ಬಿಚ್ಚಿ ಗೋಡೆಯ ಮೊಳೆಗೆ ಹಾಕುವುದು, ಆಮೇಲೆ ಓಟ. ಓಟ ಮುಗಿದ ಮೇಲೆ ಕೂರುವ ಮುನ್ನ ನಾನೋ ಸಹಾಯಕಿಯೋ ಪ್ರತಿ ಮಗುವಿನ ಕತ್ತಿನ ಹಿಂದೆ, ಅಂಗಿಯ ಒಳಗೆ ಎರಡು ಬೆರಳು ಹಾಕಿ ನೋಡುತ್ತೇವೆ. ಒದ್ದೆ ಇದ್ದರೆ ಬನಿಯನ್ ಬದಲಿಸುವುದು ಅಥವಾ ಹಾಗೇ ಬಿಸಿಲಿಗೆ ನಿಲ್ಲಿಸಿ ಆರಿಸುವುದು. ಒಣಗಿ ಬೆಚ್ಚಗಿದ್ದರೆ ಸರಿ. ಅಂಗೈ ಮುಟ್ಟಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಬೆಚ್ಚಗೆ ಆಡುತ್ತಿರುವ ಮಗುವಿನ ಕೈಯೂ ತಣ್ಣಗೇ ಇರುತ್ತದೆ. ಹಾಲನ್ನೂ ಹೊರಗೇ ಕೊಡಲು ಶುರು ಮಾಡಿದೆವು. ನೀರಿನ ಆಟ, ಎರೆ ಮಣ್ಣು ಕಲಸಿ ಎತ್ತು ಮಾಡುವುದು, ಇವೆಲ್ಲ ಹನ್ನೊಂದೂವರೆ ದಾಟಿದ ಮೇಲೇ.

ಫಿನ್ಲೆಂಡ್, ನಾರ್ವೆ ಕಡೆ ಸೊನ್ನೆಗಿಂತ ಕೆಳಗೆ ಹೋದರೂ ಸಣ್ಣ ಮಕ್ಕಳನ್ನು ದಿನಾ ಹೊರಗೆ ಆಡಿಸುತ್ತಾರೆ, ನೀವು 12 ಡಿಗ್ರಿಗೆ ಹೆದರುತ್ತೀರಲ್ಲ ಅಂತ ಯಾರಾದರೂ ನಕ್ಕರೆ ನನಗೆ ಸಿಟ್ಟು ಬರುತ್ತದೆ. ಅಲ್ಲಿನ ಮಕ್ಕಳಿಗೆ ನೀರು ಇಳಿಯದ ಬೂಟು, ಉಣ್ಣೆಯ ಒಳಉಡುಪು, ಒದ್ದೆಯಾದರೆ ಒಣಗಿಸಲು ಬೆಚ್ಚನೆ ಕೋಣೆ ಇರುತ್ತದೆ. ನನ್ನ 22 ಮಕ್ಕಳಲ್ಲಿ ಏಳು ಮಕ್ಕಳಿಗೆ ಹವಾಯಿ ಚಪ್ಪಲಿ ಬಿಟ್ಟರೆ ಬೇರೆ ಇಲ್ಲ, ಇಬ್ಬರಿಗೆ ಅದೂ ಇರಲಿಲ್ಲ. ಇಲ್ಲಿ ಬಿಸಿಲೇ ನಮ್ಮ ಉಣ್ಣೆ ಬಟ್ಟೆ, ಅದು ಸಿಗುವ ಹೊತ್ತು ಬರುವವರೆಗೆ ಕಾಯಬೇಕು.

ಎಣ್ಣೆ, ನೆರಳು, ಕಡಲೆ

ಪಾಠ ಏನು ಮಾಡಿದಿರಿ ಅಂತ ಕೇಳುವವರಿಗಾಗಿ ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ. ನಿಜವಾಗಿ ನಾನು ಯೋಜನೆ ಹಾಕಿದ್ದು ಕಡಿಮೆ.

ತುಟಿ ಒಡೆದ ಮಕ್ಕಳಿಗೆ ಹಚ್ಚಲು ಕೊಬ್ಬರಿ ಎಣ್ಣೆ ಬಾಟಲಿ ತಂದಿದ್ದೆ. ಬೆಳಗ್ಗೆ ಅದು ಬೆಳ್ಳಗೆ ಗಟ್ಟಿ. ಗುಲಾಬಿ ಸ್ವೆಟರ್ ಹುಡುಗಿ "ಟೀಚರ, ಎಣ್ಣಿ ತುಪ್ಪ ಆಗ್ಯಾದ" ಅಂದಳು. ಬಾಟಲಿಯನ್ನು ಗೋಡೆಯ ಬುಡಕ್ಕೆ ಬಿಸಿಲಿಗೆ ಇಟ್ಟೆ, ಎಲ್ಲರೂ ಸುತ್ತ ಕುಕ್ಕರಗಾಲಲ್ಲಿ ಕೂತರು. ಮೊದಲು ಬಿಸಿಲು ಬಿದ್ದ ಮಗ್ಗುಲು ಕರಗಿ ಗಾಜಿನಂತಾಯಿತು. ನಡುವಿನ ಬಿಳಿ ಗಡ್ಡೆ ಸಣ್ಣದಾಗುತ್ತಾ ಬಂದು ಬಾಟಲಿ ವಾಲಿಸಿದಾಗ ಆಚೆ ಈಚೆ ಜಾರಿತು. ಮೀನು ಅಂದ ಒಬ್ಬ. ಅದು ಕರಗಿ ಹೋಗುವವರೆಗೆ ಯಾರೂ ಏಳಲಿಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ, ನಮ್ಮ ಚಳಿಗಾಲದ ದಿನ ಸರಿಯಾಗಿ ಆ ಅಂಕಿಯ ಮೇಲೆ ಕೆಳಗೆ ಓಡಾಡುತ್ತದೆ, ಹೀಗಾಗಿ ಈ ಆಟ ದಿನಾ ಹೊಸದಾಗಿ ನಡೆಯಿತು. ಮರುದಿನ ಮೂರು ಮುಚ್ಚಳದಲ್ಲಿ ಮೂರು ಎಣ್ಣೆ ಇಟ್ಟೆ: ಕೊಬ್ಬರಿ, ಶೇಂಗಾ, ಕುಸುಬಿ. ಒಂದೇ ಗಟ್ಟಿ ಇತ್ತು. ಯಾಕೆ ಅಂತ ಕೇಳಿದ್ದಕ್ಕೆ ಕೆಂಪು ಸ್ವೆಟರ್ ಹುಡುಗ, ಅಷ್ಟೊತ್ತಿಗೆ ಜ್ವರ ಬಿಟ್ಟು ಬಂದಿದ್ದ, "ಅದು ರಾತ್ರಿ ಮಲಗ್ತದ, ಬಿಸಿಲಿಗೆ ಏಳ್ತದ. ಇವು ಮಲಗೂದ ಇಲ್ಲ" ಅಂದ. ನಾನು ತಿದ್ದಲಿಲ್ಲ.

ನೀಲಿ ಸ್ವೆಟರ್ ಹುಡುಗನ ವಿಷಯ ಇಲ್ಲೇ ಹೇಳಬೇಕು. ಅವನಿಗೆ ಹಿತ್ತಲು ಬೇಡವೇ ಬೇಡವಾಗಿತ್ತು. ಕೈಗೆ ಮಣ್ಣು ಹತ್ತಿದರೆ ಅಳು. ಎರಡು ವಾರ ಅವನು ಅಡುಗೆ ಮನೆಯಲ್ಲಿ ಸಹಾಯಕಿಯ ಸೆರಗು ಹಿಡಿದುಕೊಂಡು ನಿಂತ. ಎಳೆದು ತರಬೇಡಿ ಅಂತ ಹೇಳಿದ್ದೆ. ಎಣ್ಣೆಯ ಮೀನು ನೋಡಲು ಬಂದ, ನೋಡಿ ಮತ್ತೆ ಒಳಗೆ ಹೋದ. ಇಡೀ ಚಳಿಗಾಲ ಹಾಗೇ, ದಿನಕ್ಕೆ ಹತ್ತು ಹದಿನೈದು ನಿಮಿಷ ಮಾತ್ರ ಹೊರಗೆ. ಬಯಲಿಗೆ ಬಿಟ್ಟ ತಕ್ಷಣ ಎಲ್ಲ ಮಕ್ಕಳೂ ಅರಳುತ್ತಾರೆ ಅನ್ನುವ ಮಾತು ನನ್ನ ಅನುಭವದಲ್ಲಿ ಪೂರ್ತಿ ನಿಜ ಅಲ್ಲ.

ನೆರಳಿನ ಆಟ ಗೋಡೆಯಿಂದ ಹುಟ್ಟಿತು. ದಕ್ಷಿಣದ ಗೋಡೆ, ಎದುರಿಗೆ ಸೂರ್ಯ, ಮಕ್ಕಳು ಗೋಡೆ ಹತ್ತಿರ ನಿಂತರೆ ನೆರಳು ಅದರ ಮೇಲೇ ಬೀಳುತ್ತದೆ. ಇದ್ದಿಲಿನಿಂದ ಗೀಟು ಎಳೆದೆವು. ಅರ್ಧ ತಾಸು ಬಿಟ್ಟು ಅದೇ ಮಗುವನ್ನು ಅದೇ ಜಾಗದಲ್ಲಿ ನಿಲ್ಲಿಸಿದರೆ ನೆರಳು ಗೀಟಿನೊಳಗೆ ಕೂರುವುದಿಲ್ಲ. "ನಾ ಅಲ್ಲಾಡಿಲ್ರೀ!" ಅಂತ ಪ್ರತಿಯೊಬ್ಬರದೂ ಪ್ರಮಾಣ. ನೆಲದ ಮೇಲಿನ ನೆರಳನ್ನು ಹಳೆ ಜೋಳದ ದಂಟಿನಿಂದ ಅಳೆದೆವು. ದಂಟಿನ ಸಿಪ್ಪೆ ಬ್ಲೇಡಿನಂತೆ ಕೊಯ್ಯುತ್ತದೆ, ಅದಕ್ಕೆ ಮೊದಲೇ ಚಾಕುವಿನಿಂದ ಹೆರೆದು ಬೆಂಡು ಮಾತ್ರ ಕೊಟ್ಟಿದ್ದೆ. ಡಿಸೆಂಬರ್ 20ರ ಹೊತ್ತಿಗೆ ಒಂಬತ್ತೂ ಮುಕ್ಕಾಲಿಗೆ ನೆರಳು ಮಗುವಿನ ಒಂದೂವರೆಪಟ್ಟು. ಎಲ್ಲಕ್ಕಿಂತ ಗಿಡ್ಡ ಆಗಿದ್ದು ಹನ್ನೆರಡಕ್ಕೆ ಅಲ್ಲ, ಹನ್ನೆರಡೂವರೆಯ ಹತ್ತಿರ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ನಾವು ಅದಕ್ಕಿಂತ ಪಶ್ಚಿಮಕ್ಕೆ ಇದ್ದೇವೆ, ನಮ್ಮ ನೆತ್ತಿಗೆ ಸೂರ್ಯ ತಡವಾಗಿ ಬರುತ್ತಾನೆ. ಆಗ ಒಂದು ಮೀಟರ್ ಎತ್ತರದ ಮಗುವಿಗೆ ಸುಮಾರು 85 ಸೆಂಟಿಮೀಟರ್ ನೆರಳು.

ಇದರಿಂದ ನನ್ನ ಒಂದು ಹಳೆ ನಂಬಿಕೆಯೂ ಬಿತ್ತು. ಎಳೆ ಬಿಸಿಲಲ್ಲಿ ಕೂರಿಸಿದರೆ ವಿಟಮಿನ್ ಡಿ ಸಿಗುತ್ತದೆ ಅಂತ ತಾಯಂದಿರಿಗೆ ವರ್ಷಗಟ್ಟಲೆ ಹೇಳಿದ್ದೇನೆ. ಎಳೆ ಬಿಸಿಲು ಮೈ ಬೆಚ್ಚಗೆ ಮಾಡುತ್ತದೆ, ಆದರೆ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಕಿರಣ ಸೂರ್ಯ ಮೇಲೆ ಬಂದಾಗಲೇ ಜಾಸ್ತಿ. ನೆರಳು ಮಗುವಿಗಿಂತ ಗಿಡ್ಡ ಇದ್ದರೆ ಆ ಹೊತ್ತು ಬಂದಿದೆ ಅಂತ ಅರ್ಥ. ಈಗ ಊಟಕ್ಕೆ ಮುಂಚಿನ ಹದಿನೈದು ನಿಮಿಷ, ತೋಳು ಮೇಲೇರಿಸಿ, ಹೊರಗೇ ಇರಿಸುತ್ತೇನೆ.

ಡಿಸೆಂಬರ್ 30 ಎಳ್ಳ ಅಮಾವಾಸ್ಯೆ. ಅವತ್ತು ಊರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿಗೆ ಎಡೆ ಅಂತ ಚರಗ ಚೆಲ್ಲುತ್ತದೆ, ಅಂಗನವಾಡಿಗೆ ಯಾರು ಬರುತ್ತಾರೆ. ಮುಂದಿನ ವಾರ ನಾವೂ ಹೊಲಕ್ಕೆ ಹೊರಟೆವು, ಕಡಲೆ ನೋಡಲು. ಹತ್ತಿರದ ಹೊಲದವರನ್ನು ಕೇಳಿದೆ, "ಕಾಕಾ, ಎಣ್ಣಿ ಹೊಡದ್ರೇನ್ರೀ?" ಎಣ್ಣೆ ಅಂದರೆ ಇಲ್ಲಿ ಹುಳದ ಔಷಧಿ. ಹೋದ ವಾರ ಹೊಡೆದೆವು, ಈ ಬದುವಿಗೆ ಹೊಡೆದಿಲ್ಲ ಅಂದರು. ನನಗೆ ಅಷ್ಟು ಸಾಲದು. ಸಣ್ಣ ಮಕ್ಕಳು, ಕಿತ್ತದ್ದು ನೇರ ಬಾಯಿಗೆ. ಸಹಾಯಕಿಯ ಅಣ್ಣನ ಅರ್ಧ ಎಕರೆಗೆ ಈ ವರ್ಷ ಔಷಧಿಯೇ ಹೊಡೆದಿರಲಿಲ್ಲ, ಅಲ್ಲಿಗೆ ಹೋದೆವು.

ಕಡಲೆ ಗಿಡ ಮುಟ್ಟಿದವರಿಗೆ ಗೊತ್ತು, ಎಲೆಯ ಮೇಲೆ ಸಣ್ಣ ಕೂದಲು, ಆ ಕೂದಲ ತುದಿಯಲ್ಲಿ ಹುಳಿ. ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಅದು. ಹಿಂದೆ ರಾತ್ರಿ ಗಿಡಗಳ ಮೇಲೆ ತೆಳು ಬಟ್ಟೆ ಹಾಸಿ, ನಸುಕಿನಲ್ಲಿ ಇಬ್ಬನಿ ಸಮೇತ ಹಿಂಡಿ ಹುಳಿ ತೆಗೆದಿಡುತ್ತಿದ್ದರು, ಹೊಟ್ಟೆನೋವಿಗೆ ಅಂತ. ಮಕ್ಕಳು ಎಲೆ ಮೇಲೆ ಬೆರಳು ಸವರಿ ನೆಕ್ಕಿದರು. ಮುಖ ಕಿವುಚಿದ್ದೇನು, ನಕ್ಕಿದ್ದೇನು. ಆಮೇಲೆ ಒಂದು ಚಿಗುರನ್ನು ನೀರಲ್ಲಿ ತೊಳೆದು ಕೊಟ್ಟೆ. ಹುಳಿ ಇಲ್ಲ. "ಹುಳಿ ಎಲ್ಲಿ ಹೋತು?" ಗುಲಾಬಿ ಸ್ವೆಟರ್ ಹುಡುಗಿ ತೊಳೆದ ನೀರನ್ನು ಕುಡಿದು ನೋಡಲು ಹೊರಟಳು. ಅವಳ ಯೋಚನೆ ಸರಿಯೇ ಇತ್ತು, ನೀರು ಮಾತ್ರ ಜಾಸ್ತಿ ಇತ್ತು.

ಸುಲಗಾಯಿ, ಅಂದರೆ ಕಡಲೆ ಗಿಡದ ಹಸಿ ಕಾಯಿ, ತಂದು ಹಿತ್ತಲಲ್ಲಿ ಕೌದಿ ಮೇಲೆ ಸುರಿದೆವು. ಒಬ್ಬೊಬ್ಬರಿಗೆ ಹತ್ತು ಕಾಯಿ. ಸುಲಿಯುವ ಮುಂಚೆ ಹೆಬ್ಬೆರಳಿನಿಂದ ಒತ್ತಿ ಹೇಳಬೇಕು, ಒಳಗೆ ಒಂದು ಕಾಳೋ ಎರಡೋ. ಒಂದು ಇದ್ದದ್ದು ಒಂದು ಸಾಲಿಗೆ, ಎರಡು ಇದ್ದದ್ದು ಇನ್ನೊಂದು ಸಾಲಿಗೆ. ನಾಲ್ಕು ವರ್ಷದವರೂ ಮೂರನೇ ಕಾಯಿಯ ಹೊತ್ತಿಗೆ ಬೆರಳಿನಲ್ಲೇ ಪತ್ತೆ ಹಚ್ಚುತ್ತಿದ್ದರು. ಒಂದು ಕಾಯಿ ಪೊಳ್ಳು ಬಂತು. ಅದಕ್ಕೆ ಸಾಲು ಇರಲಿಲ್ಲ. ಹಳದಿ ಸ್ವೆಟರ್ ಹುಡುಗ ಯಾರನ್ನೂ ಕೇಳದೆ ಅದನ್ನು ದೂರ ಇಟ್ಟು "ಇದು ಏನಿಲ್ಲದ ಮನಿ" ಅಂದ. ಸೊನ್ನೆಯನ್ನು ಕಪ್ಪು ಹಲಗೆ ಮೇಲೆ ಎಷ್ಟು ಸಲ ಬರೆಸಿದ್ದೆನೋ. ಅಷ್ಟರಲ್ಲಿ ಇನ್ನೊಂದು ಕಾಯಿಯ ತೂತಿನಿಂದ ಹಸಿರು ಹುಳ ತಲೆ ಹೊರಗೆ ಹಾಕಿತು. ಲೆಕ್ಕ ಅಲ್ಲಿಗೆ ಮುಗಿಯಿತು. ಕಾಲು ತಾಸು ಹದಿನಾರು ಮಕ್ಕಳು ಒಂದು ಕಾಯಿಕೊರಕವನ್ನು ನೋಡಿದರು, ನಾನೂ ನೋಡಿದೆ.

ಆ ವಾರವೇ ಮೇಲ್ವಿಚಾರಕಿ ಬಂದಿದ್ದರು. ಹತ್ತೂವರೆಗೆ ಬಂದು ನೋಡಿದರೆ ಕೋಣೆ ಖಾಲಿ, ಗೋಡೆ ಹಿಂದಿನಿಂದ ಗದ್ದಲ. ಸುತ್ತಿಕೊಂಡು ಹಿಂದೆ ಬಂದರು, ಕುರ್ಚಿ ಇರಲಿಲ್ಲ, ಆಯಿ ಸರಿದು ಕೌದಿ ಮೇಲೆ ಜಾಗ ಕೊಟ್ಟಳು. ಅರ್ಧ ತಾಸು ಕೂತಿದ್ದರು. ಹೋಗುವಾಗ ರಿಜಿಸ್ಟರ್ ನೋಡುವುದನ್ನೇ ಮರೆತು, ಬಸ್ ನಿಲ್ದಾಣದಿಂದ ವಾಪಸ್ ಬಂದರು.

ಎರಡನೇ ತಪ್ಪು

ಇದು ನನಗೆ ಇನ್ನೂ ಚುಚ್ಚುತ್ತದೆ. ಜನವರಿ ಎರಡನೇ ವಾರ ಹಸಿರು ಸ್ವೆಟರ್ ಹುಡುಗಿ ಕೆಮ್ಮಲು ಶುರು ಮಾಡಿದಳು. ಹಿತ್ತಲಲ್ಲಿ ಆಡಿದ ಮೇಲೆ ಜಾಸ್ತಿ. ಥಂಡಿ ಇರಬೇಕು, ಬಿಸಿಲಿಗೆ ಇನ್ನಷ್ಟು ಕೂತರೆ ಸರಿಹೋಗುತ್ತದೆ ಅಂತ ಮಫ್ಲರ್ ಸುತ್ತಿ ಬಿಸಿಲಿಗೇ ಕೂರಿಸಿದೆ. ಅಷ್ಟೊತ್ತಿಗೆ ಹೊರಗಿನ ಬಿಸಿಲೇ ಎಲ್ಲಕ್ಕೂ ಮದ್ದು ಅನ್ನುವ ಹುಚ್ಚು ನನಗೇ ಹಿಡಿದಿತ್ತು. ಮೂರನೇ ದಿನ ಅವಳ ಎದೆಯಿಂದ ಸುಂಯ್ ಸುಂಯ್ ಸದ್ದು ಕೇಳಿತು.

ಅವಳ ತಾಯಿ ಬಂದು ಹೇಳಿದಾಗ ಗೊತ್ತಾಯಿತು, ಅಪ್ಪ ಕಾಳು ಒಕ್ಕುವ ರಾಶಿ ಕೆಲಸ ಮುಗಿಸಿ ಮನೆಗೆ ಬಂದು ಅಂಗಿ ಜಾಡಿಸಿದರೂ ಅವಳಿಗೆ ಕೆಮ್ಮು ಬರುತ್ತದೆ ಅಂತ. ಆಗ ತಲೆ ಎತ್ತಿ ನೋಡಿದೆ. ಹಿತ್ತಲಿನ ಮೂಡಲಿಗೆ ಎರಡು ಹೊಲ ಆಚೆ ಮೂರು ದಿನದಿಂದ ತೊಗರಿ ರಾಶಿ ನಡೆದಿತ್ತು. ಮಶೀನು ಹೊಟ್ಟು ತೂರುತ್ತಿತ್ತು, ಮೂಡಗಾಳಿ ಅದನ್ನು ನೇರ ನಮ್ಮ ಕೌದಿಯ ಮೇಲೆ ತರುತ್ತಿತ್ತು. ಕೌದಿ ಕೊಡವಿದರೆ ಧೂಳೇ ಧೂಳು. ನಾನು ಅದನ್ನು ದಿನಾ ಕೊಡವುತ್ತಿದ್ದೆ, ಅವಳ ಪಕ್ಕದಲ್ಲೇ.

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ದಮ್ಮಿನ, ಅಂದರೆ ಅಸ್ತಮಾದ ಲಕ್ಷಣ, ಧೂಳು ಹೊಗೆಯಿಂದ ದೂರ ಇಡಿ ಅಂದರು, ಬಾಯಿಗೆ ಒತ್ತಿ ಎಳೆದುಕೊಳ್ಳುವ ಔಷಧಿಯ ಪಂಪು ಕೊಟ್ಟರು. ಅಂದಿನಿಂದ ಬೆಳಗ್ಗೆ ಬಾಗಿಲು ತೆಗೆಯುವ ಮುನ್ನ ಹಣಮಪ್ಪನ ಗುಡಿಯ ಬಾವುಟ ನೋಡುವುದು ನನ್ನ ರೂಢಿ. ಗಾಳಿ ಎಲ್ಲಿಂದ, ಆ ಕಡೆ ಎಲ್ಲಿಯಾದರೂ ರಾಶಿ ಇದೆಯಾ, ಯಾರಾದರೂ ಚಳಿ ಕಾಯಿಸಲು ಕಸಕ್ಕೆ ಬೆಂಕಿ ಹಚ್ಚಿದ್ದಾರಾ. ಇದ್ದರೆ ಅವತ್ತು ಹಿತ್ತಲಿಲ್ಲ, ಬಾಗಿಲು ತೆರೆದ ಕೋಣೆಯೇ. ಕೌದಿ ಕೊಡವುವುದು ಮಕ್ಕಳು ಮನೆಗೆ ಹೋದ ಮೇಲೆ. ಪಂಪು ಎಲ್ಲಿದೆ, ಎಷ್ಟು ಸಲ ಒತ್ತಬೇಕು ಅನ್ನುವುದು ಸಹಾಯಕಿಗೂ ಗೊತ್ತಿರಬೇಕು ಅಂತ ತಾಯಿಯಿಂದಲೇ ಇಬ್ಬರೂ ಕಲಿತೆವು.

ಏನಾಯಿತು, ಏನಾಗಲಿಲ್ಲ

ಡಿಸೆಂಬರ್ ಕೊನೆಗೆ ಹಾಜರಿ 16, ಸಂಕ್ರಾಂತಿ ಕಳೆದ ಮೇಲೆ 18. ಸಂಕ್ರಾಂತಿಗೆ ಮೂರು ದಿನ ಯಾರೂ ಇರಲಿಲ್ಲ, ಎಲ್ಲರೂ ಸಿದ್ಧೇಶ್ವರ ಜಾತ್ರೆಗೆ ವಿಜಯಪುರಕ್ಕೆ. ನೆಗಡಿ ನಿಂತುಹೋಯಿತಾ ಅಂದರೆ ಇಲ್ಲ. ಜಾತ್ರೆಯಿಂದ ಬಂದ ಮೇಲೆ ಒಂದು ಸುತ್ತು ಎಲ್ಲರಿಗೂ ಬಂತು, ನನಗೂ. ಆದರೆ ಆಗ ಯಾರೂ ಹಿತ್ತಲನ್ನು ಬೈಯಲಿಲ್ಲ, ಜಾತ್ರೆಯನ್ನು ಬೈದರು. ಊಟದ ತಟ್ಟೆಯಲ್ಲಿ ಅನ್ನ ಉಳಿಯುವುದು ಕಮ್ಮಿಯಾಯಿತು. ಮಧ್ಯಾಹ್ನ ಮಲಗಿಸಲು ತಟ್ಟುವ ಕೆಲಸವೂ ಇಲ್ಲ, ತಾವೇ ಬೀಳುತ್ತಿದ್ದರು. ಹಸಿರು ಸ್ವೆಟರ್ ಹುಡುಗಿ ಜನವರಿಯಲ್ಲಿ ಒಂಬತ್ತು ದಿನ ಗೈರು. ಆ ಒಂಬತ್ತರಲ್ಲಿ ಮೊದಲ ಕೆಲವು ದಿನ ನನ್ನ ಲೆಕ್ಕಕ್ಕೆ.

ಖರ್ಚು: ಥರ್ಮಾಮೀಟರ್, ಎಣ್ಣೆ, ಎರಡು ಜೊತೆ ಚಪ್ಪಲಿ. ಹಳೆ ಬನಿಯನ್‌ಗಳನ್ನು ಮನೆಮನೆಯಿಂದ ಕೇಳಿ ತಂದೆವು, ಹದಿಮೂರು ಬಂದವು.

ಫೆಬ್ರುವರಿ ಮೂರನೇ ವಾರ ಹಿತ್ತಲ ಗೋಡೆ ಹತ್ತೂವರೆಗೇ ಸುಡಲು ಶುರುವಾಯಿತು. ಬೆನ್ನು ಹಚ್ಚಿದ ಆಯಿ ಮೊದಲು ಎದ್ದಳು. ಕೌದಿ ಸುತ್ತಿಕೊಂಡು ಎಲ್ಲರೂ ಮುಂದಿನ ಅಂಗಳದ ನೆರಳಿಗೆ ಬಂದೆವು, ಡಿಸೆಂಬರ್‌ನಲ್ಲಿ ಮಕ್ಕಳನ್ನು ಗಾಳಿಗೆ ಕೂರಿಸಿದ್ದೆನಲ್ಲ, ಅದೇ ಜಾಗ. ಹಿತ್ತಲಿಗೆ ಹೋಗಲು ಅಡುಗೆ ಮನೆಯಿಂದ ಒಂದು ಬಾಗಿಲು ಇಟ್ಟುಕೊಡಿ ಅಂತ ಅರ್ಜಿ ಕೊಟ್ಟಿದ್ದೇನೆ. ಇನ್ನೂ ಆಗಿಲ್ಲ. ಜಾಲಿ ಮತ್ತೆ ಮೊಣಕಾಲೆತ್ತರ ಬೆಳೆದಿದೆ, ದಸರೆ ಮುಗಿದ ಮೇಲೆ ಕಡಿಸಬೇಕು.